ಹಸಿರು ಕೈಯ ಕಾರು

ಪ್ರತಿ ಬೇಸಿಗೆಯಲ್ಲಿ ಎಡದಂಡೆ ಕಾಲುವೆಗೆ ನೀರು ಬಂದ್ ಮಾಡಿದ ಮೇಲೆ ಸಿಂಧನೂರಿನ ಸುದ್ದಿಗಾರನಿಗೆ ಒಂದು ಸುತ್ತು ತಿರುಗಾಟ ಇದ್ದೇ ಇರುತ್ತಿತ್ತು. ನೀರು ಇಳಿದಂತೆ ತಳದಲ್ಲಿ ಏನೇನೋ ಕಾಣಿಸಿಕೊಳ್ಳುತ್ತಿದ್ದವು. ಸೈಕಲ್ಲು, ಹಾಲಿನ ಕ್ಯಾನು, ಎತ್ತಿನ ಬಂಡಿಯ ಗಾಲಿ, ಕೆಲವೊಮ್ಮೆ ಮನುಷ್ಯರು. ನಾನು ಆಗ ಒಂದು ದಿನಪತ್ರಿಕೆಗೆ ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಬರೆದ ಹಾಳೆಗಳನ್ನು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮುಗಿಯಿತು, ಕಚೇರಿಗೆ ಮುಟ್ಟುತ್ತಿತ್ತು. ಕಂಡದ್ದನ್ನು ಬರೆ, ಕೇಳಿದ್ದನ್ನು ಯಾರು ಹೇಳಿದರೆಂದು ಬರೆ, ಊಹೆಯನ್ನು ಬರೆಯಬೇಡ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಈ ಮೂರನ್ನೂ ಪಾಲಿಸಿ ಬರೆದ ಒಂದು ಸುದ್ದಿ ಸುಳ್ಳಾಯಿತು. ಅದರ ವಿವರ ಇದು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಗೊರೇಬಾಳದ ಆಚೆ ಕಾಲುವೆ ಮೆಟ್ಟಿಲಿನಂತೆ ಕೆಳಕ್ಕಿಳಿಯುವ ಜಾಗದಲ್ಲಿ ಆಳದ ಗುಂಡಿಯೊಂದಿತ್ತು. ಕಾಲುವೆಯೆಲ್ಲ ಒಣಗಿದರೂ ಆ ಗುಂಡಿ ಒಣಗುತ್ತಿರಲಿಲ್ಲ. ಆ ವರ್ಷ ಕಲ್ಲುಗೋಡೆಯ ರಿಪೇರಿಗೆಂದು ಪಂಪು ಹಚ್ಚಿ ಅದನ್ನೂ ಬರಿದು ಮಾಡಿದರು. ತಳದಲ್ಲಿ ಕಾರು ಸಿಕ್ಕಿತು.

ನಾನು ಹೋದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಎರಡೂ ದಂಡೆಯ ಮೇಲೆ ಜನ ಕೂತಿದ್ದರು. ಅಷ್ಟು ಜನ ಸೇರಿದ ಕಡೆ ಇರುವ ಗದ್ದಲ ಅಲ್ಲಿರಲಿಲ್ಲ. ದುಂಡು ಮೋರೆಯ ಹಳೆಯ ವಿಲಾಯತಿ ಕಾರು ಮಗುಚಿ ಬಿದ್ದಿತ್ತು, ಗಾಲಿಗಳು ಮೇಲೆ, ಅರ್ಧ ಮೈ ಕೆಸರಿನಲ್ಲಿ. ಎರಡು ಬಾಗಿಲುಗಳ ನಡುವಿನ ಕಂಬದಿಂದ ಒಂದು ಸಣ್ಣ ಕೈ ಹೊರಗೆ ಚಾಚಿಕೊಂಡಿತ್ತು.

ಈಗಿನವರು ಅದನ್ನು ನೋಡಿರಲಿಕ್ಕಿಲ್ಲ. ಮಿನುಗುವ ದೀಪಗಳು ಬರುವ ಮೊದಲು ಕಾರು ಯಾವ ಕಡೆ ತಿರುಗುತ್ತದೆಂದು ತೋರಿಸಲು ಬದಿಯ ಕಂಬದ ಸೀಳಿನೊಳಗೆ ಒಂದು ಗೇಣುದ್ದದ ಪಟ್ಟಿ ಅಡಗಿರುತ್ತಿತ್ತು. ಡ್ರೈವರ್ ಗುಂಡಿ ಒತ್ತಿದರೆ ಅದು ಕಟಕ್ಕೆಂದು ಎದ್ದು ಅಡ್ಡಲಾಗಿ ನಿಲ್ಲುತ್ತಿತ್ತು. ಒಳಗೆ ಸಣ್ಣ ಬಲ್ಬು, ಮೇಲೆ ಕಿತ್ತಳೆ ಬಣ್ಣದ ಹೊದಿಕೆ. ಗುಂಡಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಸೀಳಿನೊಳಕ್ಕೆ ಬೀಳುತ್ತಿತ್ತು. ನಮ್ಮ ಕಡೆಯ ಡ್ರೈವರುಗಳು ಅದನ್ನು ಕೈ ಎಂದೇ ಕರೆಯುತ್ತಿದ್ದರು.

ದಂಡೆಯ ಮೇಲಿದ್ದ ಕಾಲುವೆಯ ಗ್ಯಾಂಗ್‌ಮನ್ ನನ್ನ ಕಡೆ ನೋಡದೆ ಹೇಳಿದ: “ಎಡಕ್ಕ ಹೊಳ್ಳತೀನಿ ಅಂತ ಕೈ ಮಾಡ್ಯಾನ ನೋಡ್ರಿ.”

ಕಾರು ಮಗುಚಿದರೆ ಆ ಪಟ್ಟಿ ತಾನಾಗಿಯೇ ಹೊರಗೆ ಬೀಳುತ್ತದೆ, ಅದರಲ್ಲಿ ವಿಚಿತ್ರವೇನಿಲ್ಲ. ಆದರೆ ಇದು ನನಗೆ ತಿಳಿದದ್ದು ಕೆಲವು ವರ್ಷಗಳ ನಂತರ. ಆ ಹೊತ್ತಿಗೆ ನಾನೂ ಎಲ್ಲರಂತೆ ಆ ಕೈಯನ್ನೇ ನೋಡುತ್ತ ನಿಂತಿದ್ದೆ. ಕೂಲಿಯವನೊಬ್ಬ ಅದರ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದ. ಒಳಗಿನ ಬಣ್ಣ ಕಿತ್ತಳೆಯಲ್ಲ, ಹಸಿರು.

ಹಸಿರು ಕೈಯ ಕಾರನ್ನು ನಾನು ಬಲ್ಲವನಾಗಿದ್ದೆ. ಮೂರು ವರ್ಷ ಹಿಂದೆ ಅದನ್ನು ಹುಡುಕಿಕೊಡಿ ಎಂದು ಪ್ರಕಟಣೆ ಬರೆದವನು ನಾನೇ.

ಆ ಕಾರು ಮಸ್ಕಿಯ ಒಬ್ಬ ಬಾಡಿಗೆ ಡ್ರೈವರನದು. ಮದುವೆ, ಆಸ್ಪತ್ರೆ, ನೆಂಟರ ಊರು ಎಂದು ಸುತ್ತಿನ ಹಳ್ಳಿಗಳವರನ್ನು ಒಯ್ದು ತರುತ್ತಿದ್ದ. ಒಂದು ವರ್ಷ ಬನ್ನಿ ಹಬ್ಬದ ದಿನ ಲಿಂಗಸುಗೂರಿನ ಗ್ಯಾರೇಜಿನಿಂದ ಹೊರಟವನು ಮನೆಗೆ ಬರಲಿಲ್ಲ. ಕಾರೂ ಬರಲಿಲ್ಲ. ಹೆಂಡತಿ ಮಸ್ಕಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ಕಾರಿನ ಗುರುತು ಏನೆಂದು ನಾನು ಕೇಳಿದಾಗ ಅವಳು ಹೇಳಿದ್ದು ಆ ಕೈಯನ್ನು. ಎಡಗಡೆಯ ಕಿತ್ತಳೆ ಹೊದಿಕೆ ಒಡೆದುಹೋಗಿತ್ತಂತೆ. ಅಂಥದು ಎಲ್ಲಿಯೂ ಸಿಗದೆ, ತನ್ನ ಹಸಿರು ಸೋಪಿನ ಡಬ್ಬಿಯನ್ನು ಚಾಕು ಕಾಯಿಸಿ ಕೊಯ್ದು ಅವಳೇ ಕೂಡಿಸಿಕೊಟ್ಟಿದ್ದಳಂತೆ. ಇಡೀ ಸೀಮೆಯಲ್ಲಿ ಅಂಥ ಕಾರು ಇನ್ನೊಂದಿಲ್ಲ ಎಂಬ ಮಾತನ್ನು ಗಂಡ ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದನಂತೆ. “ಎಡಬದಿಯಲ್ಲಿ ಹಸಿರು ಕೈ ಇರುವ ಕಪ್ಪು ಕಾರು” ಎಂದು ನಾನು ಬರೆದೆ. ಪೊಲೀಸರ ಕಾಗದದಲ್ಲೂ ನಂಬರಿನ ಜೊತೆಗೆ ಅದೇ ಗುರುತು ದಾಖಲಾಯಿತು.

ಕಾಲುವೆಯ ತಳಕ್ಕೆ ಅವಳನ್ನು ಪೊಲೀಸರು ಜೀಪಿನಲ್ಲಿ ಕರೆತಂದರು. ಗಂಡನ ಅಣ್ಣ ಜೊತೆಗಿದ್ದ. ಕಾರಿನೊಳಗೆ ಮನುಷ್ಯರ ಕುರುಹು ಇರಲಿಲ್ಲ. ಎಂಜಿನ್ ಇರಲಿಲ್ಲ. ನಂಬರಿನ ತಗಡುಗಳನ್ನೂ ಒಳಗಿನ ಚಾಸಿ ನಂಬರಿನ ಪಟ್ಟಿಯನ್ನೂ ಕಿತ್ತುಹಾಕಿದ್ದರು. ಅವಳು ಅದ್ಯಾವುದನ್ನೂ ನೋಡಲಿಲ್ಲ. ಕೆಸರಿನಲ್ಲಿ ಮಂಡಿಯೂರಿ, ಆ ಹಸಿರು ಪಟ್ಟಿಯ ಅಂಚಿನಲ್ಲಿ ಉಗುರು ಎಳೆದಳು. ಕಾಯ್ದ ಚಾಕು ಜಾರಿ ಅಲ್ಲೊಂದು ಸಣ್ಣ ಕಚ್ಚು ಬಿದ್ದಿತ್ತು.

“ಇದು ನನ್ನ ಸೋಪಿನ ಡಬ್ಬಿನ ಐತ್ರಿ,” ಎಂದಳು.

ಯಾರೋ ಬಾಡಿಗೆಗೆ ಕರೆದು, ಕೊಂದು, ಎಂಜಿನ್ ಬಿಚ್ಚಿಕೊಂಡು ಕಾರನ್ನು ಕಾಲುವೆಗೆ ತಳ್ಳಿದ್ದಾರೆ ಎಂದು ಪೊಲೀಸರು ಹೇಳಿದರು. ದೇಹ ನೀರಿನಲ್ಲಿ ಎಲ್ಲಿಗೋ ಹೋಗಿರಬೇಕು ಎಂದರು. “ಮೂರು ವರ್ಷದ ಹಿಂದೆ ಕಾಣೆಯಾದ ಚಾಲಕನ ಕಾರು ಪತ್ತೆ, ಕೊಲೆ ಶಂಕೆ” ಎಂದು ನಾನು ಕಳಿಸಿದೆ. ಕಂಡದ್ದನ್ನು ಬರೆದಿದ್ದೆ, ಹೇಳಿದವರ ಹೆಸರು ಹಾಕಿದ್ದೆ, ಊಹೆ ನನ್ನದಾಗಿರಲಿಲ್ಲ. ಪತ್ರಿಕೆ ಬಂದ ಮೂರನೆಯ ದಿನ ಗಂಡನ ಅಣ್ಣ ಮತ್ತು ಓಣಿಯ ಹಿರಿಯರು ಕೂತು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ತೀರ್ಮಾನಿಸಿದರು. ಅವಳ ಬಳೆ ಒಡೆದರು, ಕುಂಕುಮ ಅಳಿಸಿದರು. ನನ್ನ ಸುದ್ದಿಯ ತುಂಡನ್ನು ಯಾರೋ ಕತ್ತರಿಸಿ ಅವನ ಫೋಟೋದ ಚೌಕಟ್ಟಿನ ಹಿಂದೆ ಸೇರಿಸಿಟ್ಟರೆಂದು ಕೇಳಿದೆ. ಆಮೇಲೆ ಮದುವೆಯ ಕುಪ್ಪಸಗಳನ್ನು ಅವಳ ಹತ್ತಿರ ಹೊಲಿಸುವುದನ್ನು ಜನ ಬಿಟ್ಟರು.

ಅದಾದ ಎಷ್ಟೋ ದಿನಗಳ ನಂತರ, ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿರಬೇಕು, ಕಚೇರಿಯಿಂದ ಒಂದು ಸೂಚನೆ ಬಂತು. ಭಾನುವಾರದ ಪುಟಕ್ಕೆ ಹಳೆಯ ಕಾರುಗಳ ವಿಚಿತ್ರ ಸಾಮಾನುಗಳ ಮೇಲೆ ಒಂದು ಲೇಖನ ಬೇಕಂತೆ. ನಿಜಾಮರ ಕಾಲದ ದೊಡ್ಡ ಮನೆಗಳ ಶೆಡ್ಡುಗಳಲ್ಲಿ ಅಂಥವು ಬಿದ್ದಿರುತ್ತವೆ, ಹುಡುಕಿ ಎಂದಿದ್ದರು.

ಬಿದ್ದಿದ್ದವು. ಸಾಲಗುಂದದ ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಕಾರಿನ ಕಿಟಕಿಗೆ ತೂಗುಹಾಕುವ ತಗಡಿನ ತಂಪು ಯಂತ್ರವಿತ್ತು. ಹೊಟ್ಟೆಗೆ ನೀರು ತುಂಬಿಸಿ ಲಾವಂಚದ ಬೇರು ಇಟ್ಟರೆ ಕಾರು ಓಡುವಾಗ ತಣ್ಣನೆಯ ಗಾಳಿ ಒಳಗೆ ಬರುತ್ತಿತ್ತಂತೆ. ಈಗ ಅದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಮನೆಯವರು ಅದನ್ನು ಎಬ್ಬಿಸಲು ಒಪ್ಪಲಿಲ್ಲ, ನಾನು ದೂರದಿಂದಲೇ ಬರೆದುಕೊಂಡೆ. ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಹಿಂದೆ ಯುದ್ಧಕಾಲದ ದೀಪದ ಮುಚ್ಚಳಗಳಿದ್ದವು, ವಿಮಾನಕ್ಕೆ ಬೆಳಕು ಕಾಣದಿರಲೆಂದು ಕಾರಿನ ದೀಪಗಳಿಗೆ ಹಾಕುತ್ತಿದ್ದಂಥವು. ಗೋಡೆಯ ಮೇಲೆ ಜೋಡಿಯಾಗಿ ನೇತುಹಾಕಿದ್ದರಿಂದ ಅರ್ಧ ಮುಚ್ಚಿದ ಕಣ್ಣುಗಳಂತೆ ಕಾಣುತ್ತಿದ್ದವು. ಪಕ್ಕದಲ್ಲಿ ಕಾರಿನ ಹೊರಗೆ ಕೂಡಿಸುವ, ಎಲ್ಲ ದಿಕ್ಕಿಗೂ ತಿರುಗುವ ಹುಡುಕು ದೀಪ. ಅದರ ಬೆನ್ನಿಗೆ ಕನ್ನಡಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಧೂಳು ಒರೆಸಿದಾಗ ನನ್ನ ಮುಖವೂ ಅದರ ಹಿಂದೆ ಶೆಡ್ಡಿನ ಬಾಗಿಲೂ ಕಂಡವು. ಬಾಗಿಲಲ್ಲಿ ನಿಂತಿದ್ದ ಗಿರಣಿಯ ಕಾವಲುಗಾರ, ಆ ದೀಪದ ಗಾಡಿಯ ಯಜಮಾನರು ಹೋಗಿ ಬಹಳ ಕಾಲವಾಯಿತು, ಆದರೂ ಅದನ್ನು ಒರೆಸಬಾರದೆಂದು ಮನೆಯಲ್ಲಿ ಹೇಳಿದ್ದಾರೆ ಎಂದ. ಏಕೆಂದು ಅವನಿಗೂ ಗೊತ್ತಿರಲಿಲ್ಲ.

ಕೊನೆಗೆ ಲಿಂಗಸುಗೂರಿಗೆ ಹೋದೆ. ಅಲ್ಲಿ ಹಳೆಯ ಕಾರುಗಳ ಕೈ ಹಿಡಿದು ನಡೆಸಿದವರೆಂದರೆ ಒಬ್ಬರೇ, ಸುತ್ತಲಿನವರೆಲ್ಲ ಉಸ್ತಾದ್ ಎಂದು ಕರೆಯುತ್ತಿದ್ದ ವಯಸ್ಸಾದ ಮೆಕ್ಯಾನಿಕ್. ಮಸ್ಕಿಯ ಡ್ರೈವರ್ ಕೊನೆಯದಾಗಿ ಹೊರಟದ್ದು ಅವರ ಗ್ಯಾರೇಜಿನಿಂದಲೇ. ಅವನು ಕಾಣೆಯಾದಾಗ ನಾನು ಅಲ್ಲಿಗೆ ಹೋಗಿರಲಿಲ್ಲ. ಉಸ್ತಾದರ ಹೇಳಿಕೆಯನ್ನು ಪೊಲೀಸರು ಬರೆದುಕೊಂಡಿದ್ದರು, ನಾನು ಅದನ್ನು ನಕಲು ಮಾಡಿದ್ದೆ. ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಹೋದ, ಇಷ್ಟೇ ಅದರಲ್ಲಿತ್ತು.

ಗ್ಯಾರೇಜಿಗೆ ಕಿಟಕಿ ಇರಲಿಲ್ಲ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಕಾಲಿಟ್ಟರೆ ಕತ್ತಲೆ. ಉಸ್ತಾದರು ಒಂದೊಂದನ್ನೇ ತೆಗೆದು ನನ್ನ ಮುಂದಿಟ್ಟರು. ಹಾವಿನ ಬಾಯಿಯ ಹಿತ್ತಾಳೆ ಹಾರ್ನು, ರಬ್ಬರ್ ರೆಕ್ಕೆಯ ಪುಟ್ಟ ಫ್ಯಾನು, ಡ್ಯಾಶ್‌ಬೋರ್ಡಿಗೆ ಅಂಟಿಸುವ ಗಾಜಿನ ಹೂದಾನಿ. ಹಾರ್ನಿನ ರಬ್ಬರ್ ಗುಂಡು ಹರಿದಿತ್ತು. ಅವರು ಒತ್ತಿದಾಗ ಸದ್ದಿನ ಬದಲು ಬರೀ ಉಸಿರು ಬಂತು.

ಆಮೇಲೆ ಗೋಡೆಗೆ ನಿಲ್ಲಿಸಿದ್ದ ಒಂದು ಉದ್ದನೆಯ ಹಲಗೆಯ ಮೇಲಿನ ಗೋಣಿತಟ್ಟು ಸರಿಸಿದರು. ಮುರಿದ ಕಾರುಗಳಿಂದ ಬಿಚ್ಚಿದ ಕೈಗಳನ್ನೆಲ್ಲ ಅದಕ್ಕೆ ಸಾಲಾಗಿ ಮೊಳೆ ಹೊಡೆದು ಕೂಡಿಸಿದ್ದರು. ಯಾವುದು ಕೆಲಸ ಮಾಡುತ್ತದೆ, ಯಾವುದು ಇಲ್ಲ ಎಂದು ಒಮ್ಮೆಗೇ ನೋಡಲು ಎಲ್ಲಕ್ಕೂ ಒಂದೇ ವೈರು. ಅದರ ತುದಿಯನ್ನು ಬ್ಯಾಟರಿಗೆ ಮುಟ್ಟಿಸಿದರು. ಹಲಗೆಯ ತುಂಬ ಕಟಕಟನೆ ಸದ್ದಾಯಿತು. ಇದ್ದ ಕೈಗಳೆಲ್ಲ ಕತ್ತಲೆಯಲ್ಲಿ ಒಟ್ಟಿಗೆ ಎದ್ದವು, ಮಂದ ಕಿತ್ತಳೆ ಬೆಳಕಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ. ಒಂದು ಅರ್ಧಕ್ಕೆ ಎದ್ದು ನಡುಗುತ್ತಿತ್ತು. ಉಸ್ತಾದರು ವೈರು ತೆಗೆದರು, ಎಲ್ಲವೂ ಬಿದ್ದವು.

“ಇವೆಲ್ಲ ಹೋದ ಗಾಡಿಗಳವು ಸಾಬ್,” ಎಂದರು. “ಗಾಡಿ ಎಲ್ಲೋ ಗುಜರಿಗಿ ಹೋತು. ಇವು ಇನ್ನಾ ದಾರಿ ತೋರ್ಸಾಕತ್ತಾವ.”

ಹಸಿರು ಬಣ್ಣದ್ದೂ ಒಂದಿತ್ತಲ್ಲವೇ ಎಂದು ನಾನು ಕೇಳಿದೆ. ಲೇಖನಕ್ಕೆ ಒಂದು ಸಾಲು ಸಿಗಲಿ ಎಂದಷ್ಟೇ ಕೇಳಿದ್ದು. ಉಸ್ತಾದರು ನಕ್ಕರು. ಆ ಮಸ್ಕಿಯವನ ಕೈಯಿಂದ ತಮ್ಮ ಮರ್ಯಾದೆ ಹೋಯಿತೆಂದು ಹೇಳಿ, ಒಂದು ಹಳೆಯ ತಮಾಷೆ ಹೇಳುವವರಂತೆ ಹೇಳತೊಡಗಿದರು.

ಅವರ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಮಹಾನವಮಿಯ ಆಯುಧ ಪೂಜೆಯ ದಿನ ಗಿರಾಕಿಗಳ ಗಾಡಿಗಳೆಲ್ಲ ಅಲ್ಲಿಗೆ ಬರಬೇಕು. ಉಸ್ತಾದರು ಊದುಬತ್ತಿ ಹಚ್ಚಿ ಪಕ್ಕಕ್ಕೆ ನಿಲ್ಲುತ್ತಿದ್ದರು, ಪಕ್ಕದ ಅಂಗಡಿಯ ಬಡಿಗೇರರು ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಗಾಡಿ ತರಲಾಗದವರು ಅದರ ಒಂದು ಭಾಗವನ್ನಾದರೂ ಬಿಚ್ಚಿ ಪೂಜೆಗೆ ಕಳಿಸಬೇಕು. ಹಾರ್ನು, ದೀಪ, ಕೈ, ಯಾವುದಾದರೂ ಸರಿ. ಮರುದಿನ, ಬನ್ನಿಯ ದಿನ, ಅದನ್ನು ಮತ್ತೆ ಗಾಡಿಗೆ ಕೂಡಿಸುವುದು. ಹಚ್ಚಿದ ವಿಭೂತಿಯನ್ನು ಮಾತ್ರ ಕೈಯಿಂದ ಒರೆಸುವಂತಿಲ್ಲ, ಅದು ತಾನಾಗಿಯೇ ಉದುರಿ ಹೋಗಬೇಕು.

ಆ ವರ್ಷ ಮಸ್ಕಿಯವನಿಗೆ ಮಹಾನವಮಿಯ ದಿನ ಬಾಡಿಗೆ ಇತ್ತು. ಎಡಗಡೆಯ ಕೈಯನ್ನು ಬಿಚ್ಚಿ ಕೊಟ್ಟು ಹೋದ. ಲಿಂಗಸುಗೂರಿನ ಒಬ್ಬ ಡಾಕ್ಟರರ ಹತ್ತಿರವೂ ಅದೇ ಜಾತಿಯ ಕಪ್ಪು ಕಾರಿತ್ತು. ಎಂಜಿನ್ ಇಳಿಸಿದ್ದರಿಂದ ಅದು ಬಂಗಲೆಯ ಶೆಡ್ಡಿನಲ್ಲಿ ನಿಂತಿತ್ತು. ಡಾಕ್ಟರರೂ ಎಡಗಡೆಯ ಕೈಯನ್ನೇ ಕಳಿಸಿದ್ದರು. ಬಡಿಗೇರರು ಎರಡಕ್ಕೂ ಬಣ್ಣ ಕಾಣದಷ್ಟು ವಿಭೂತಿ ಬಳಿದರು. ಮರುದಿನ ಮಸ್ಕಿಯವನು ಅವಸರದಲ್ಲಿ ಬಂದ. ಉಸ್ತಾದರು ಕೈಗೆ ಸಿಕ್ಕಿದ್ದನ್ನು ಕೂಡಿಸಿ ಕಳಿಸಿದರು. ಉಳಿದದ್ದನ್ನು ಡಾಕ್ಟರರ ಕಾರಿಗೆ ಕೂಡಿಸಿ ಬಂದರು.

“ಆಮ್ಯಾಲ ಬೂದಿ ಉದುರಿದ ಮ್ಯಾಲ ಡಾಕ್ಟರ್ ಸಾಬ್ ಬಂದು ಒಂದ ನಗ್ತಾರ. ಏನ್ ಉಸ್ತಾದ್, ನನ್ನ ಗಾಡಿಗಿ ಸೋಪಿನ ಡಬ್ಬಿ ಹಚ್ಚೀ ಅಂತ. ಅವ ಬರ್ಲಿ, ಬದ್ಲಿ ಮಾಡ್ತೀನಿ ಅಂದೆ. ಅವ ಬರ್ಲೇ ಇಲ್ಲ.”

ನಾನು ಪೆನ್ನು ಕೆಳಗಿಟ್ಟೆ. ಡಾಕ್ಟರರ ಕಾರು ಈಗ ಎಲ್ಲಿದೆ ಎಂದು ಕೇಳಿದೆ. ಡಾಕ್ಟರರು ಮುಂದಿನ ವರ್ಷ ತೀರಿಕೊಂಡರಂತೆ. ಮಕ್ಕಳು ದೂರದ ಊರಿನಲ್ಲಿ. ಕಾರು ಬೀಗ ಹಾಕಿದ ಶೆಡ್ಡಿನಲ್ಲೇ ಇತ್ತು, ಒಂದು ದಿನ ನೋಡಿದರೆ ಇರಲಿಲ್ಲ. ಹೊಸದಾಗಿ ಕೂಡಿಸಿದ ಡೀಸೆಲ್ ಎಂಜಿನ್ನಿನ ಆಸೆಗೆ ಯಾರೋ ಎಳೆದುಕೊಂಡು ಹೋಗಿರಬೇಕು. ಮಕ್ಕಳು ಪೊಲೀಸರಿಗೂ ಹೇಳಲಿಲ್ಲ.

ಮಸ್ಕಿಯವನ ಕಾರು ಕಾಲುವೆಯಲ್ಲಿ ಸಿಕ್ಕಿದ್ದು ಉಸ್ತಾದರಿಗೆ ಗೊತ್ತಿತ್ತು. ಯಾವ ಗುರುತಿನಿಂದ ಸಿಕ್ಕಿತೆಂಬುದು ಗೊತ್ತಿರಲಿಲ್ಲ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಉರ್ದು ಪತ್ರಿಕೆಯಲ್ಲಿ ಆ ಸುದ್ದಿ ಬಂದಿರಲಿಲ್ಲ. ನಾನು ಹೇಳಿದೆ. ಅವರು ಎದ್ದು ಆ ಹಲಗೆಯ ಹತ್ತಿರ ಹೋದರು. ಮತ್ತೆ ಗೋಣಿತಟ್ಟನ್ನು ಮುಚ್ಚಿದರು.

“ನನ್ನ ಯಾರೂ ಕೇಳ್ಲಿಲ್ರಿ,” ಎಂದರು.

ಅದು ನಿಜ. ಬಂದ ಹೊತ್ತು, ಹೋದ ಹೊತ್ತು ಬಿಟ್ಟು ಪೊಲೀಸರು ಬೇರೇನೂ ಕೇಳಿರಲಿಲ್ಲ, ನಾನು ಅದನ್ನೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಸಿಂಧನೂರಿಗೆ ಬರುವಾಗ ಇನ್ನೊಂದು ವಿಷಯ ಹೊಳೆಯಿತು, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಕಾಲುವೆಯ ಕಾರು ಅವನದಲ್ಲ. ಸರಿ. ಆದರೆ ಅವನು ಬನ್ನಿಯ ದಿನ ಹೊರಟಾಗಲೇ ಅವನ ಕಾರಿನಲ್ಲಿ ಹಸಿರು ಕೈ ಇರಲಿಲ್ಲ. ನಾವು ಊರೂರಿಗೆ ಸಾರಿದ ಗುರುತು ಆ ಕಾರಿನದಲ್ಲ. ಯಾರಾದರೂ ಅವನನ್ನು ನೋಡಿದ್ದರೂ, ಇದು ಅದಲ್ಲ ಎಂದು ಮುಂದೆ ಹೋಗಿರುತ್ತಾರೆ.

ಮನೆಗೆ ಬಂದು ಹಳೆಯ ಕಡತ ಬಿಚ್ಚಿದೆ. ಪ್ರಕಟಣೆ ಬಂದ ಕೆಲವು ವಾರಗಳಲ್ಲಿ ಒಬ್ಬ ಲಾರಿ ಕ್ಲೀನರ್ ಬರೆದ ಕಾರ್ಡು ಅದರಲ್ಲಿತ್ತು. ಆದೋನಿಯ ದಾರಿಯಲ್ಲಿ ಬೇವಿನ ಮರದ ಕೆಳಗೆ ಅಂಥದೇ ಕಪ್ಪು ಕಾರು ನಿಂತಿತ್ತು, ಹಗಲು ಹೊತ್ತು, ಒಳಗೆ ಒಬ್ಬನೇ ಮಲಗಿದ್ದ, ಆದರೆ ಸೀಳಿನಿಂದ ಹೊರಗೆ ಚಾಚಿದ್ದ ಎರಡೂ ಕೈ ಕಿತ್ತಳೆ ಬಣ್ಣದವು ಎಂದು ಬರೆದಿದ್ದ, ನಂಬರು ನೋಡಿಕೊಂಡಿರಲಿಲ್ಲ. ಎಡಗಡೆಯ ಕೈಯ ಮೇಲೆ ಬೂದಿ ಮೆತ್ತಿದಂತಿತ್ತು ಎಂದೂ ಇತ್ತು. ಕಾರ್ಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ “ಗುರುತು ಹೊಂದುವುದಿಲ್ಲ” ಎಂದು ಬರೆದಿತ್ತು. ಅಕ್ಷರ ನನ್ನದು.

ಮರುದಿನ ಮಸ್ಕಿಗೆ ಹೋದೆ. ಅವಳು ಮಿಷನ್ನಿನ ಮುಂದೆ ಕೂತು ಹಳೆಯ ಲಂಗಕ್ಕೆ ತೇಪೆ ಹಾಕುತ್ತಿದ್ದಳು. ಗಂಡನ ಅಣ್ಣನೂ ಇದ್ದ. ಉಸ್ತಾದರು ಹೇಳಿದ್ದನ್ನು ಅವರು ಹೇಳಿದ ಕ್ರಮದಲ್ಲೇ ಹೇಳಿದೆ. ಕಾರ್ಡು ತೋರಿಸಿದೆ, ಅದರ ಮೇಲಿನ ಕೆಂಪು ಅಕ್ಷರ ಯಾರದೆಂದೂ ಹೇಳಿದೆ. ಅಣ್ಣ ನನ್ನನ್ನು ಬೈಯಲಿಲ್ಲ. ಸತ್ತವನನ್ನು ಸುಮ್ಮನೆ ಇರಗೊಡಬೇಕು, ಈಗ ಎಬ್ಬಿಸಿ ಏನು ಮಾಡುತ್ತೀರಿ ಎಂದು ಕೇಳಿದ. ಅವಳು ಕಾರ್ಡನ್ನು ಓದಿ, ತಿರುಗಿಸಿ ವಿಳಾಸದ ಬದಿ ನೋಡಿ, ಮತ್ತೆ ಓದಿದಳು.

“ಹಂಗಾದ್ರ ಅವರನ್ನ ನಾವು ಹುಡುಕೇ ಇಲ್ಲ,” ಎಂದಳು.

ಅವಳು ನನ್ನನ್ನು ಎರಡು ಕೇಳಿದಳು. ಕಾಲುವೆಯ ಕಾರು ಅವರದಲ್ಲವೆಂದು ಪತ್ರಿಕೆಯಲ್ಲಿ ಬರಬೇಕು. ಸರಿಯಾದ ಗುರುತಿನೊಂದಿಗೆ ಪ್ರಕಟಣೆ ಮತ್ತೊಮ್ಮೆ ಬರಬೇಕು. ಕಚೇರಿಯವರು ಒಪ್ಪಲು ತಡಮಾಡಿದರು. ಅವನು ಬದುಕಿದ್ದಾನೆಂದು ಓದುಗರು ತಿಳಿದುಕೊಂಡರೆ ಅದೂ ನಮ್ಮ ತಪ್ಪಾಗುತ್ತದೆ, ಹಳೆಯ ಸುದ್ದಿ ತಪ್ಪು ಎಂಬುದಷ್ಟೇ ಸುದ್ದಿ ಎಂದರು. ಹಾಗೆಯೇ ಬರೆದೆ. ಒಳಪುಟದಲ್ಲಿ ನಾಲ್ಕು ಸಾಲು ಬಂತು, ಅದರ ಕೆಳಗೆ ಪ್ರಕಟಣೆ. ಹಳೆಯ ಕಾರುಗಳ ಲೇಖನವನ್ನು ನಾನು ಬರೆಯಲಿಲ್ಲ.

ಅವಳು ಮೈದುನರಿಲ್ಲದ ಮನೆಯವಳು, ಬೇರೆ ದಾರಿಯಿಲ್ಲದೆ ಅದೇ ಭಾವನನ್ನು ಕರೆದುಕೊಂಡು ಆದೋನಿಗೆ ಹೋಗಿ ಬಂದಳು. ಬೇವಿನ ಮರವಿದ್ದ ಜಾಗ ಯಾವುದೆಂದೇ ತಿಳಿಯಲಿಲ್ಲವಂತೆ. ದಾರಿ ಅಗಲ ಮಾಡಿ ಎರಡೂ ಬದಿಯ ಮರಗಳನ್ನು ಕಡಿದಿದ್ದರು.

ಅದರ ನಂತರ ಕಾರು ಕಾಣತೊಡಗಿತು.

ಮೊದಲು ಹೇಳಿದವನು ಹಾಲಿನ ವ್ಯಾನಿನ ಡ್ರೈವರ್. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವಾಗ ಮುಂದೆ ಹಳೆಯ ಕಪ್ಪು ಕಾರು ಹೋಗುತ್ತಿತ್ತು, ಎಡಗಡೆ ಕೈ ಎತ್ತಿತು, ಎಡಕ್ಕೆ ದಾರಿಯೇ ಇಲ್ಲದ ಕಡೆ ತಿರುಗಿತು ಎಂದ. ಬೆಳಗಿನ ಎಂಟು ಗಂಟೆ, ಮಂಜು ಇರಲಿಲ್ಲ. ಆಮೇಲೆ ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನ ಬಂಗಾಲಿ ರೈತನೊಬ್ಬ ಭತ್ತದ ಗದ್ದೆಯ ಬದುವಿನಿಂದ ನೋಡಿದೆನೆಂದ. ಅವನಿಗೆ ಪತ್ರಿಕೆಯ ವಿಷಯವೇ ಗೊತ್ತಿರಲಿಲ್ಲ, ನಮ್ಮ ಮಾತಿನ ನಡುವೆ ತಾನಾಗಿ ಹೇಳಿದ. ಕೈಯ ಮೇಲೆ ಬಿಳಿಯದೇನೋ ಮೆತ್ತಿತ್ತೆಂದೂ ಹೇಳಿದ. ಬೂದಿಯ ಮಾತು ಪ್ರಕಟಣೆಯಲ್ಲಿ ಇರಲಿಲ್ಲ, ಅದು ಕಾರ್ಡಿನಲ್ಲಿ ಮಾತ್ರ ಇತ್ತು. ಅವಳ ಮನೆಯಿಂದ ಮಾತು ಹೊರಬಿದ್ದು ಕ್ಯಾಂಪಿನವರೆಗೆ ಮುಟ್ಟಿರಬಹುದು. ನಾನು ಇವನ್ನೆಲ್ಲ ದಿನ, ಹೊತ್ತು, ಜಾಗದೊಂದಿಗೆ ಬರೆದಿಟ್ಟುಕೊಂಡೆ. ಒಂದನ್ನೂ ಕಚೇರಿಗೆ ಕಳಿಸಲಿಲ್ಲ. ನಾನೇ ಆ ದಾರಿಯಲ್ಲಿ ಹಗಲು ಹೊತ್ತು ಹಲವು ಸಲ ಮೋಟಾರ್‌ಸೈಕಲ್ ನಿಲ್ಲಿಸಿ ಕಾದಿದ್ದೇನೆ. ನನಗೆ ಏನೂ ಕಾಣಲಿಲ್ಲ.

ನೋಡಿದೆನೆಂದವರನ್ನೆಲ್ಲ ಅವಳು ಮನೆಗೆ ಕರೆಸಿ ಕೇಳುತ್ತಿದ್ದಳು. ಚಹಾ ಕೊಟ್ಟು, ಎಡಗೈಯೋ ಬಲಗೈಯೋ, ಹೊದಿಕೆ ಯಾವ ಬಣ್ಣ, ಒಳಗೆ ದೀಪ ಹತ್ತಿತ್ತೋ ಇಲ್ಲವೋ ಎಂದು ಒಂದೊಂದಾಗಿ ವಿಚಾರಿಸುತ್ತಿದ್ದಳು. ಕಾಲುವೆಯಲ್ಲಿ ಸಿಕ್ಕ ದಿನ ನಾವು ಯಾರೂ ಹಾಗೆ ಕೇಳಿರಲಿಲ್ಲ. ಭಾವ ಅವಳ ಮನೆಗೆ ಬರುವುದನ್ನು ನಿಲ್ಲಿಸಿದ. ಓಣಿಯ ಹೆಂಗಸರಿಗೆ ಅವಳನ್ನು ಕರೆಯಬೇಕೋ ಬಿಡಬೇಕೋ ತಿಳಿಯದಾಯಿತು. ಅರಿಶಿಣ ಕುಂಕುಮಕ್ಕೆ ಮನೆ ಮನೆಗೆ ಕರೆಯಲು ಬಂದವರು ಅವಳ ಮನೆಯ ಬಾಗಿಲು ಬಂದಾಗ ಮಾತು ನಿಲ್ಲಿಸಿ ಮುಂದೆ ಹೋಗುತ್ತಿದ್ದರು ಎಂದು ಅವಳೇ ಹೇಳಿದಳು. ವಿಧವೆಯ ಮನೆಯನ್ನು ದಾಟುವ ರೀತಿಯೇ ಬೇರೆ, ಇದು ಬೇರೆ ಎಂದಳು.

ಒಂದು ದಿನ ಅವಳಿಂದ ಚೀಟಿ ಬಂತು. ಬಳೆಯ ಅಂಗಡಿಗೆ ಹೋಗಿದ್ದಳಂತೆ. ಅಂಗಡಿಯವರು ಬಳೆ ಇಡಲು ಒಪ್ಪಲಿಲ್ಲವಂತೆ. ಪತ್ರಿಕೆಯಲ್ಲಿ ಬಂದದ್ದನ್ನು ನಂಬಿ ಒಡೆದದ್ದು, ಪತ್ರಿಕೆಯವರೇ ಬಂದು ಹೇಳಲಿ ಎಂದರಂತೆ. ನೀವು ಬರಬೇಕು ಎಂದು ಬರೆದಿದ್ದಳು.

ಹೋದೆ. ಮಸ್ಕಿಯ ಬಜಾರದಲ್ಲಿ ಅಗಲ ಕಡಿಮೆಯ, ಉದ್ದನೆಯ ಅಂಗಡಿ. ಸಂತೆಯ ದಿನ, ಮಧ್ಯಾಹ್ನ. ಹೆಂಗಸರು ಮೂರು ನಾಲ್ಕು ಮಂದಿ ಚಾಪೆಯ ಮೇಲೆ ಕೂತು ಸರದಿ ಕಾಯುತ್ತಿದ್ದರು. ಅವಳು ಎಲ್ಲರಿಗಿಂತ ಮುಂದೆ ಕೂತಿದ್ದಳು. ನಾನು ಹೊಸ್ತಿಲಲ್ಲಿ ನಿಂತೆ. ಬಳೆಗಾರರು ವಯಸ್ಸಾದವರು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ನನ್ನನ್ನು ನೋಡಿದರು.

“ಸತ್ತಾನಂತ ಬರದವ್ರು ನೀವ ಅಲ್ರಿ?”

ಹೌದು ಎಂದೆ.

“ಈಗೇನಂತೀರಿ?”

“ಸತ್ತಾರ ಅನ್ನಾಕ ಸಾಕ್ಷಿ ಇಲ್ರಿ.”

“ಅಂದ್ರ ಬದುಕ್ಯಾನು?”

“ಅದಕ್ಕೂ ಸಾಕ್ಷಿ ಇಲ್ಲ.”

ಅವರು ಕನ್ನಡಕ ಕೆಳಗಿಳಿಸಿ ಬಳೆಗಳ ಕಟ್ಟನ್ನು ಮುಟ್ಟಿದರು, ಮತ್ತೆ ಕೈ ಹಿಂದೆ ತೆಗೆದರು. ತಮ್ಮ ಅಪ್ಪನ ಕಾಲದಿಂದ ಈ ಅಂಗಡಿಯಲ್ಲಿ ಕೂತಿದ್ದೇನೆ, ಇದ್ದವರ ಹೆಂಡಿರಿಗೆ ಬಳೆ ಇಟ್ಟಿದ್ದೇನೆ, ಹೋದವರ ಹೆಂಡಿರಿಗೆ ಇಟ್ಟಿಲ್ಲ, ಇದು ಎರಡೂ ಅಲ್ಲ ಎಂದರು. ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಇಟ್ಟರೆ ಏನಾಗುತ್ತದೋ ಎಂಬ ಅಂಜಿಕೆ ಅದು.

ಅವಳು ಕೈ ಮುಂದೆ ಚಾಚಿದಳು.

“ಅವರ ಬಾಯಿ ನೋಡಬ್ಯಾಡ್ರಿ ಕಾಕಾ, ನನ್ನ ಕೈ ನೋಡ್ರಿ. ಸತ್ತಿದ್ರ ಪಾಪ ನಂದು, ಇದ್ರ ಪುಣ್ಯ ನಿಮ್ದು. ಇಡ್ರಿ.”

ಬಳೆಗಾರರು ಅವಳ ಮುಂಗೈ ಹಿಡಿದು ಬೆರಳುಗಳನ್ನು ಒತ್ತಿ ಸಡಿಲ ಮಾಡಿದರು. ಇಷ್ಟು ವರ್ಷ ಬಳೆಯಿಲ್ಲದ ಕೈ ಬಿಗಿದುಕೊಂಡಿತ್ತು. ಹಳೆಯ ಅಳತೆ ಏರಲಿಲ್ಲ, ಮೊದಲನೆಯದು ಗೆಣ್ಣಿನ ಹತ್ತಿರವೇ ಚಿಟ್ಟೆಂದು ಒಡೆಯಿತು. ಅವರು ಕೈ ಬಿಟ್ಟು ನನ್ನ ಕಡೆ ನೋಡಿದರು. ಅವಳು ಚೂರುಗಳನ್ನು ಎಡಗೈಯಿಂದ ಬಳಿದು ಸೆರಗಿನಲ್ಲಿ ಹಾಕಿಕೊಂಡು, ಬಲಗೈಯನ್ನು ಮತ್ತೆ ಮುಂದೆ ಇಟ್ಟಳು. ಅವರು ಒಂದಳತೆ ದೊಡ್ಡದನ್ನು ತೆಗೆದರು. ಅದು ಏರಿತು. ಇನ್ನೊಂದು ಏರಿತು.

ಚಾಪೆಯ ಮೇಲಿನ ಹೆಂಗಸರಲ್ಲಿ ಯಾರೂ ಎದ್ದು ಹೋಗಲಿಲ್ಲ. ಅವಳು ಎದ್ದ ಮೇಲೆ, ಅವಳು ಕೂತಿದ್ದ ಜಾಗಕ್ಕೆ ಯಾರೂ ಸರಿಯಲಿಲ್ಲ.